ತಮ್ಮನ ಷರಾಯಿ ತೊಟ್ಟು ಗುಡ್ಡದೊಳಗೆ ಹೋದವಳು

ಗುಡ್ಡದೊಳಗೆ
30 ಏಪ್ರಿಲ್ 1893, ಸಂಜೆ

ಲೋ ಕೋಲ್ಮನ್,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಹೊಸ ಷರಾಯಿ ನನ್ನ ಹತ್ತಿರ ಇದೆ. ಕದ್ದದ್ದಲ್ಲ, ಬರೀ ತೊಟ್ಟು ನೋಡಿದ್ದು. ದರ್ಜಿ ಅದನ್ನು ಹೊಲಿದು ಗೋಡೆಗೆ ನೇತುಹಾಕಿ ಹೋದಾಗಿನಿಂದ ನೀನು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ನಾಳೆಯಿಂದ ನಾನು ಗಂಡಸು, ನಾಳೆಯಿಂದ ಲಂಗ ಬಿಟ್ಟೆ ಅಂತ ಕೋಳಿಗಳಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಒಂದೊಂದು ಕಾಲಿಗೂ ಒಂದೊಂದು ಕೊಳವೆ ತೊಟ್ಟು ಓಡಿದರೆ ಹೇಗಿರುತ್ತದೆ ಅಂತ ನನಗೂ ನೋಡಬೇಕೆನ್ನಿಸಿತು. ಅದನ್ನು ತೊಟ್ಟೇ ಹಸು ಹೊಡೆದುಕೊಂಡು ಬರಲು ದುಂಡುಗುಡ್ಡಕ್ಕೆ ಹೋದೆ.

ಒಂಟಿ ಮುಳ್ಳುಮರದ ಹತ್ತಿರ ಇಬ್ಬರು ನಿಂತಿದ್ದರು, ನಮ್ಮೂರಿನವರಲ್ಲ. ಒಬ್ಬ, “ಏ ಹುಡುಗಾ, ಕೋಲು ಹಿಡಿಯೋಕೆ ಬರುತ್ತಾ ನಿಂಗೆ?” ಅಂದ. “ನಿಮಗಿಂತ ಚೆನ್ನಾಗೇ ಬರುತ್ತೆ” ಅಂದೆ. ಅಷ್ಟೇ ನಾನು ಮಾಡಿದ ತಪ್ಪು. ಗುಡ್ಡ ಬಾಗಿಲು ತೆಗೆದುಕೊಂಡಿತು.

ಅವರು ಅಜ್ಜಿ ಹೇಳುವ ಗುಡ್ಡದೊಳಗಿನ ಜನ ಅಂತ ನಿನಗೆ ಗೊತ್ತಾಗಿರಬೇಕು. ಹೆಸರು ಬರೆಯುವುದಿಲ್ಲ, ಒಳ್ಳೆಯವರು ಅಂತಲೇ ಅನ್ನುತ್ತೇನೆ. ಇವತ್ತು ನಮ್ಮ ಪಡುವಣ ಸೀಮೆಯ ಒಳ್ಳೆಯವರಿಗೂ ತೆಂಕಣ ಸೀಮೆಯವರಿಗೂ ಕೋಲುಚೆಂಡಿನ ಪಂದ್ಯ. ತಂಡಕ್ಕೊಂದು ಮನುಷ್ಯರ ಗಂಡುಮಗು ಇಲ್ಲದಿದ್ದರೆ ಚೆಂಡು ಇವರ ಕೋಲಿಗೆ ಸಿಕ್ಕುವುದೇ ಇಲ್ಲವಂತೆ. ಷರಾಯಿ ನೋಡಿ ನನ್ನನ್ನು ಹುಡುಗ ಅಂದುಕೊಂಡಿದ್ದಾರೆ. ಇವರು ಮುಖ ನೋಡುವುದಿಲ್ಲ ಕಣೋ, ಬಟ್ಟೆ ನೋಡುತ್ತಾರೆ ಅಷ್ಟೆ. ಒಳ್ಳೆಯವರು ಒಯ್ಯದಿರಲಿ ಅಂತ ಊರಿನ ತಾಯಂದಿರೆಲ್ಲ ಗಂಡುಮಕ್ಕಳಿಗೆ ಲಂಗ ತೊಡಿಸುವುದು ಸುಮ್ಮನೆ ಅಲ್ಲ.

ಅಮ್ಮನಿಗೆ ಹೇಳು, ಬರುವುದು ಸ್ವಲ್ಪ ತಡವಾಗುತ್ತದೆ, ಹಾಲು ನೀನೇ ಕರೆ. ಷರಾಯಿಗೆ ಜೇಬಿದೆ, ಜೇಬಿನಲ್ಲಿ ನನ್ನ ಶಾಲೆಯ ಪುಸ್ತಕ, ಸೀಸದಕಡ್ಡಿ ಇದ್ದವು, ಅದಕ್ಕೇ ಬರೆಯಲಿಕ್ಕಾಯಿತು. ಬಾಗಿಲಲ್ಲಿ ಕೂತು ಬೂಟು ಹೊಲಿಯುವ ಒಬ್ಬ ಮುದುಕ ಇದ್ದಾನೆ, ಯಾವಾಗಲೂ ಎಡಗಾಲಿನದನ್ನು ಮಾತ್ರ ಹೊಲಿಯುತ್ತಾನೆ. ಪತ್ರವನ್ನು ಬೂಟಿನೊಳಗಿಟ್ಟು ಮುಳ್ಳುಮರದ ಬುಡಕ್ಕೆ ತಳ್ಳುತ್ತಾನಂತೆ, ಉತ್ತರವನ್ನೂ ಅದರಲ್ಲೇ ಇಡು. “ಬರೆದದ್ದು ಸಾಕು, ಎದ್ದು ಓಡು” ಅಂತ ಆಗಲೇ ಗೊಣಗುತ್ತಿದ್ದಾನೆ.

ನಿನ್ನ ಅಕ್ಕ,
ಸೊರಖಾ


ಡರಿಗೋಲಾ, ಕಾನೆಮಾರಾ
2 ಫೆಬ್ರುವರಿ 1894

ಸೊರಖಾ ಅಕ್ಕನಿಗೆ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಹಸು ಈದಿತ್ತು, ಮೊದಲ ಹಾಲನ್ನು ಒಳ್ಳೆಯವರಿಗೆ ಅಂತ ಮುಳ್ಳುಮರಕ್ಕೆ ಸುರಿಯಲು ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿದ್ದಳು. ಬುಡದಲ್ಲಿ ನನ್ನ ಹೆಬ್ಬೆರಳಿನಷ್ಟು ದೊಡ್ಡ ಬೂಟು ಇತ್ತು. ಒಳಗೆ ನಿನ್ನ ಕಾಗದ.

ಅಕ್ಕ, ನೀನು ಹೋಗಿ ಒಂಬತ್ತು ತಿಂಗಳಾಯಿತು. ನೀನು ಕಡಲಿಗೆ ಬಿದ್ದೆ ಅಂತ ಎಲ್ಲರೂ ಅಂದರು. ಅಪ್ಪ ಹೋದ ಹಾಗೆಯೇ ನೀನೂ ಹೋದೆ ಅಂದರು. ಪಕ್ಕದ ಮನೆ ಪೀಡಾರ್ ಮಾವ ಮೂರು ದಿನ ಬಲೆ ಎಳೆದರು. ಪಾದ್ರಿ ಬಂದು ಪ್ರಾರ್ಥನೆ ಮಾಡಿದರು. ಅಮ್ಮ ಮಾತ್ರ ನಂಬಲಿಲ್ಲ. ನಿನ್ನ ಪತ್ರವನ್ನು ಕೊಟ್ಟಾಗ ಓದಿಸಿಕೊಳ್ಳುವ ಮೊದಲು ಮೂಗಿಗಿಟ್ಟು ಮೂಸಿದಳು. ಆಮೇಲೆ ಅತ್ತಳು, ಆಮೇಲೆ ನನಗೆ ಹೊಡೆದಳು. ನನಗ್ಯಾಕೆ ಹೊಡೆದಳು ಅಂತ ಗೊತ್ತಾಗಲಿಲ್ಲ.

ಅಜ್ಜಿ ಎರಡು ಮಾತು ಬರೆಯಲು ಹೇಳಿದ್ದಾಳೆ. ಒಂದು, ಅಲ್ಲಿ ಏನೂ ತಿನ್ನಬೇಡ, ಕುಡಿಯಬೇಡ, ನೆಕ್ಕಲೂ ಬೇಡ. ಎರಡು, ನಾನು ಹುಡುಗಿ ಅಂತ ಅವರ ಮುಂದೆ ಜೋರಾಗಿ ಹೇಳಿಬಿಡು. ಅವರಿಗೆ ಬೇಕಾಗಿರುವುದು ಗಂಡು. ಹುಡುಗಿ ಅಂತ ಗೊತ್ತಾದ ಕೂಡಲೇ ಬಿಟ್ಟುಬಿಡುತ್ತಾರೆ. ಇಷ್ಟು ಸುಲಭದ ಕೆಲಸ ನೀನ್ಯಾಕೆ ಇನ್ನೂ ಮಾಡಿಲ್ಲ? ನನಗೆ ಅರ್ಥವಾಗಲಿಲ್ಲ.

ಅಮ್ಮ ನನಗೆ ಮತ್ತೆ ಕೆಂಪು ಲಂಗ ತೊಡಿಸಿದ್ದಾಳೆ. ನೀನು ಬರುವವರೆಗೂ ಷರಾಯಿಯ ಮಾತೆತ್ತುವ ಹಾಗಿಲ್ಲವಂತೆ. ಬೇಗ ಬಾ. ಅಮ್ಮ ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಚಳಿ ಬರುತ್ತದೆ.

ಕೋಲ್ಮನ್


ಗುಡ್ಡದೊಳಗೆ
30 ಏಪ್ರಿಲ್ 1893, ಸಂಜೆ, ಆಟ ಶುರುವಾದ ಮೇಲೆ

ಲೋ ಕೋಲ್ಮನ್,

ನನ್ನ ಕಿವಿಗೆ ಹೂವಿಡಬೇಡ. 1894 ಅಂತೆ, ಫೆಬ್ರುವರಿಯಂತೆ. ನಾನು ಪತ್ರ ಕೊಟ್ಟು, ಒಂದು ಸುತ್ತು ಓಡಿ, ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಿನ್ನ ಉತ್ತರ ಬಂತು. ಅಷ್ಟು ಹೊತ್ತಿನಲ್ಲಿ ನಮ್ಮ ಹಸು ಗಬ್ಬವಾಗಿ, ಈದು, ಹಾಲೂ ಕೊಟ್ಟಿತೇ? ಷರಾಯಿ ವಾಪಸ್ಸು ಸಿಗಲಿ ಅಂತ ನೀನು ಕಾಗೆ ಹಾರಿಸುತ್ತಿದ್ದೀಯ. ಇಷ್ಟುದ್ದದ ಸುಳ್ಳಿಗೆ ಅಜ್ಜಿಯನ್ನೂ ಪಾದ್ರಿಯನ್ನೂ ಎಳೆದು ತಂದಿದ್ದೀಯಲ್ಲ, ನಾಚಿಕೆ ಬೇಡವೇ?

ಒಂದು ಮಾತ್ರ ನನಗೆ ಬಗೆಹರಿಯಲಿಲ್ಲ. ನಿನಗೆ ನೆಟ್ಟಗೆ ನಾಲ್ಕು ಸಾಲು ಬರೆಯಲು ಬರುತ್ತಿರಲಿಲ್ಲ. ಈ ಪತ್ರದಲ್ಲಿ ಒಂದೂ ತಪ್ಪಿಲ್ಲ. ಯಾರ ಕೈಯಲ್ಲಿ ಬರೆಸಿದೆ? ಮೇಷ್ಟ್ರ ಹತ್ತಿರವೇ? ಅವರಿಗೆ ಷರಾಯಿಯ ಸುದ್ದಿ ಹೇಳಿಬಿಟ್ಟೆಯಾ?

ನಾನು ಏನೂ ತಿಂದಿಲ್ಲ ಅಂತ ಅಜ್ಜಿಗೆ ಹೇಳು. ಹುಡುಗಿ ಅನ್ನುವುದನ್ನು ಹೇಳುತ್ತೇನೆ, ಖಂಡಿತ ಹೇಳುತ್ತೇನೆ. ಆದರೆ ಆಟ ಈಗ ತಾನೇ ಶುರುವಾಗಿದೆ. ನಡುವೆ ಬಿಟ್ಟು ಬಂದರೆ ಅವಮಾನ ಯಾರಿಗೆ, ನಮ್ಮ ಸೀಮೆಗೇ ತಾನೇ? ತೆಂಕಣದವರ ತಂಡದಲ್ಲಿ ಒಬ್ಬ ಹುಡುಗನಿದ್ದಾನೆ, ಕೆಂಪು ಕೂದಲು, ಅವನೂ ನಮ್ಮ ಹಾಗೆ ಮನುಷ್ಯನೇ. ನನ್ನ ಕೋಲು ನೋಡಿ, “ಅದೇನು, ಹಿಟ್ಟು ತಿರುವೋ ಕೋಲಾ?” ಅಂತ ನಕ್ಕ. ಅವನ ಮುಂದೆ ಒಂದಾದರೂ ಗೋಲು ಹೊಡೆಯದೆ ಬಂದರೆ ನನ್ನ ಹೆಸರು ಸೊರಖಾ ಅಲ್ಲ.

ಒಂದೇ ಒಂದು ಗೋಲು. ಆಮೇಲೆ ಬಂದೆ ಅಂತ ತಿಳಿ. ಬೂಟಿನ ಮುದುಕ ಮತ್ತೆ, “ಕೂತಿದ್ದು ಸಾಕು, ಓಡೋ ಹುಡುಗಾ, ಓಡು” ಅಂತಿದ್ದಾನೆ. ಆಟದ ಮೇಲೆ ನನಗಿಂತ ಇವನಿಗೇ ಆಸೆ ಜಾಸ್ತಿ.

ಅಮ್ಮ ಹೊಡೆದಳು ಅನ್ನುವುದು ನಿಜವಾಗಿದ್ದರೆ, ಪಾಪ, ನಿನಗೆ ಇಲ್ಲಿಂದ ಏನಾದರೂ ತರುತ್ತೇನೆ.

ಸೊರಖಾ


ಡರಿಗೋಲಾ
11 ನವೆಂಬರ್ 1897

ಸೊರಖಾ,

ನಾಲ್ಕು ವರ್ಷ ದಿನಾ ಆ ಮುಳ್ಳುಮರಕ್ಕೆ ಹೋಗಿ ಬಂದೆ. ಇವತ್ತು ಬೂಟು ಇತ್ತು. ಅಲ್ಲೇ ನಿಂತು ತೆಗೆದು ಓದಿದೆ. ನಾನು ಸುಳ್ಳು ಹೇಳುತ್ತಿದ್ದೇನಂತೆ. ನೀನು ಒಂದು ಗೋಲು ಹೊಡೆಯಬೇಕಂತೆ.

ನಾನು ಈ ಪತ್ರವನ್ನು ಯಾರ ಕೈಯಲ್ಲೂ ಬರೆಸುತ್ತಿಲ್ಲ. ನನಗೆ ಹದಿಮೂರು ವರ್ಷ. ನಿನಗಿಂತ ಎರಡು ವರ್ಷ ದೊಡ್ಡವನಾದೆ ಅನ್ನಿಸುತ್ತದೆ, ಹೇಗೆ ಅಂತ ಲೆಕ್ಕ ಹಾಕಲು ಹೋದರೆ ತಲೆ ತಿರುಗುತ್ತದೆ. ಊರಲ್ಲಿ ನನ್ನ ವಯಸ್ಸಿನವರೆಲ್ಲ ಷರಾಯಿ ತೊಟ್ಟು ದೋಣಿಗೆ ಹೋಗುತ್ತಿದ್ದಾರೆ. ನಾನು ಇನ್ನೂ ಲಂಗದಲ್ಲಿದ್ದೇನೆ. ಮೀಸೆ ಚಿಗುರುವ ಹುಡುಗ, ಲಂಗ. ಅಮ್ಮ ಬಿಡುವುದಿಲ್ಲ. “ಒಂದನ್ನ ತಗೊಂಡಿದ್ದು ಸಾಲ್ದಾ ಅವರಿಗೆ, ಇನ್ನೊಂದನ್ನೂ ಕೊಡ್ಲಾ?” ಅಂತಾಳೆ. ಕಡಲಪಾಚಿ ಹೊರಲು ಹೋದರೆ ದಡದಲ್ಲಿ ಹುಡುಗರು ಕೂಗುತ್ತಾರೆ, “ಏ ಕೋಲ್ಮನ್ ಕನ್ಯೆ, ಮದುವೆ ಯಾವಾಗಮ್ಮಾ? ಗಂಡು ನೋಡಿದ್ದೀವಿ, ಒಂಟಿಕಣ್ಣಿನ ಟಗರು.” ಪೀಡಾರ್ ಮಾವನ ಮಗಳು ಊನಾ ಒಬ್ಬಳು ನಗುವುದಿಲ್ಲ. ಅವಳು ನಗದೇ ಇರುವುದು ಇನ್ನೂ ಕಷ್ಟ.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದರೆ ಈ ಕಾಗದ ಹರಿಯುವ ಹಾಗೆ ಬರೆಯುತ್ತಿದ್ದೇನೆ. “ನಾನು ಹುಡುಗಿ.” ಎರಡೇ ಪದ. ಅಷ್ಟನ್ನು ಹೇಳಲು ನಿನ್ನ ಬಾಯಿಗೆ ಬೀಗ ಹಾಕಿದವರು ಯಾರು? ನಿನಗೆ ಬರಲಿಕ್ಕಾಗುತ್ತಿಲ್ಲವೋ, ಬರಲು ಇಷ್ಟವಿಲ್ಲವೋ? ಅದನ್ನಾದರೂ ನಿಜ ಬರೆ.

ಅಜ್ಜಿಗೆ ಹುಷಾರಿಲ್ಲ. ನಿನ್ನೆ ನನ್ನನ್ನು ಹತ್ತಿರ ಕರೆದು ಒಂದು ಕಥೆ ಹೇಳಿದಳು, ಗುಡ್ಡದಿಂದ ತಡವಾಗಿ ಹೊರಗೆ ಬಂದ ಒಬ್ಬ ಮನುಷ್ಯನದು. ಅದನ್ನು ಬರೆಯುವುದಿಲ್ಲ. ಬೇಗ ಬಾ, ಅಷ್ಟೆ.

ಕೋಲ್ಮನ್


ಗುಡ್ಡದೊಳಗೆ
30 ಏಪ್ರಿಲ್ 1893, ಸಂಜೆ, ಆಟದ ನಡುವಿನ ವಿರಾಮ

ಕೋಲ್ಮನ್,

ನಿನ್ನ ಪತ್ರ ಓದಿ ತಲೆಬುಡ ಅರ್ಥವಾಗಲಿಲ್ಲ. ಅಕ್ಕ ಅನ್ನುವುದೂ ಹೋಯಿತೇ? ಅಕ್ಷರ ದೊಡ್ಡವರದ್ದಿದ್ದ ಹಾಗಿದೆ. ಸೀಸದಕಡ್ಡಿಯನ್ನು ಒತ್ತಿ ಒತ್ತಿ ಎರಡು ಕಡೆ ಕಾಗದ ನಿಜವಾಗಿಯೂ ತೂತಾಗಿದೆ. ಇಂಥ ಸಿಟ್ಟು ನಿನ್ನಲ್ಲಿ ನಾನು ನೋಡಿಲ್ಲ. ನಿನಗೆ ಸಿಟ್ಟು ಬಂದರೆ ನೀನು ಕೋಳಿಗೂಡಿನೊಳಗೆ ಹೋಗಿ ಕೂರುತ್ತೀಯ, ಇಷ್ಟು ಮಾತಾಡುವುದಿಲ್ಲ.

ಯಾರೋ ದೊಡ್ಡ ಹುಡುಗರು ಸೇರಿಕೊಂಡು ನಿನ್ನ ಹೆಸರಿನಲ್ಲಿ ನನ್ನನ್ನು ಆಟವಾಡಿಸುತ್ತಿದ್ದಾರೆ ಅಂತ ಮೊದಲು ಅನ್ನಿಸಿತು. ಆಮೇಲೆ ಬೂಟಿನ ಮುದುಕನನ್ನು ಕೇಳಿದೆ, “ತಾತಾ, ಹೊರಗೆ ಈಗ ಯಾವ ವರ್ಷ?” ಅಂತ. ಅವನು ದಾರ ಕಚ್ಚಿಕೊಂಡೇ, “ನೀನು ಕೂತ್ಯೋ ನಿಂತ್ಯೋ ಅನ್ನೋದರ ಮೇಲೆ” ಅಂದ. ಇದೇನು ಉತ್ತರ ಹೇಳು. ಇಲ್ಲಿ ಯಾರನ್ನು ಏನು ಕೇಳಿದರೂ ಹೀಗೇ. ಇವರಿಗೊಬ್ಬ ದೊರೆ ಇದ್ದಾನೆ, ಅವನನ್ನು ಕೇಳೋಣ ಅಂದರೆ ಅವನು ಕುದುರೆಯ ಜೊತೆ ಮಾತ್ರ ಮಾತಾಡುತ್ತಾನೆ.

ಒಂದು ಗೋಲು ಅಂದಿದ್ದೆ. ಮೂರು ಹೊಡೆದೆ. ಮೊದಲನೆಯದು ಆದಾಗಲೇ ಹೇಳಬೇಕಿತ್ತು, ನಾನು ಹುಡುಗಿ ಅಂತ. ಬಾಯಿವರೆಗೂ ಬಂದಿತ್ತು. ಅಷ್ಟರಲ್ಲಿ ನಮ್ಮ ಕಡೆಯವರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಬಯಲೆಲ್ಲ ಸುತ್ತಿದರು. ಆ ಕೆಂಪು ಕೂದಲಿನವನು ಬಂದು, “ಹಿಟ್ಟಿನ ಕೋಲಲ್ಲ ಮಾರಾಯ, ಒಪ್ಪಿದೆ” ಅಂತ ಕೈ ಕುಲುಕಿದ. ಆಗ ಹೇಗೆ ಹೇಳಲಿ?

ವಿರಾಮಕ್ಕೆ ಜೇನು ಸುರಿದ ರೊಟ್ಟಿ ಹಂಚಿದರು. ಎಂಥ ಘಮ ಅಂತೀಯ. ನನ್ನ ಪಾಲನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ಕೂಗುತ್ತಿದೆ. ಅಜ್ಜಿಗೆ ಹುಷಾರಿಲ್ಲ ಅಂತ ಬರೆದೆಯಲ್ಲ, ಬೆಳಿಗ್ಗೆ ಮಧ್ಯಾಹ್ನ ಎಲ್ಲ ನಾನು ನೋಡುವಾಗ ಚೆನ್ನಾಗಿಯೇ ಇದ್ದಳು, ನನ್ನ ಜಡೆ ಎಳೆದು ಬೈದಳು. ಬಿಸಿ ಹಾಲಿಗೆ ಬೆಣ್ಣೆ ಹಾಕಿ ಕೊಡು. ಹಾಲು ಕರೆಯುವ ಹೊತ್ತಿಗೆ ಬಂದೇ ಬರುತ್ತೇನೆ. ಅಮ್ಮ ತುಂಬಾ ಬೈಯುತ್ತಿದ್ದಾಳಾ? ಅದೊಂದು ಬರೆ. ಅವಳು ಬೈದರೆ ನನಗೆ ಬರಲು ಭಯ, ಬೈಯದಿದ್ದರೆ ಇನ್ನೂ ಭಯ.

ಅಕ್ಕ ಸೊರಖಾ (ಮುಂದಿನ ಸಲ ಅಕ್ಕ ಅಂತ ಬರೆಯದಿದ್ದರೆ ಷರಾಯಿ ಕೊಡುವುದಿಲ್ಲ)


ಡರಿಗೋಲಾ
1 ಮೇ 1906

ಅಕ್ಕ,

ನೋಡು, ಅಕ್ಕ ಅಂತಲೇ ಬರೆದಿದ್ದೇನೆ. ಹಿಂದಿನ ಪತ್ರದಲ್ಲಿ ಒರಟಾಗಿ ಮಾತಾಡಿದ್ದೆ, ಕ್ಷಮಿಸು. ಹುಡುಗುಬುದ್ಧಿ. ತಾರೀಖು ಮಾತ್ರ ಇದ್ದದ್ದನ್ನೇ ಹಾಕಿದ್ದೇನೆ, ಸುಳ್ಳು ತಾರೀಖು ಬರೆಯಲು ಕೈ ಬರಲಿಲ್ಲ. ನೀನು ಅದನ್ನು ನಂಬಬೇಕಾಗಿಲ್ಲ, ತಮಾಷೆ ಅಂತಲೇ ತಿಳಿದುಕೋ.

ಅಮ್ಮನ ವಿಷಯ ಕೇಳಿದೆ. ಅಮ್ಮ ಈಗ ಬೈಯುವುದಿಲ್ಲ. ಅಜ್ಜಿಯೂ ಬೈಯುವುದಿಲ್ಲ. ಇಬ್ಬರೂ ಒಂದೇ ಕಡೆ ಇದ್ದಾರೆ, ನೆಮ್ಮದಿಯಾಗಿದ್ದಾರೆ. ಭಾನುವಾರ ಪ್ರಾರ್ಥನೆ ಮುಗಿಸಿ ಚರ್ಚಿನ ಹಿತ್ತಲಿಗೆ ಹೋದಾಗ ನಿನ್ನ ಮೂರು ಪತ್ರಗಳನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೂರು ಗೋಲು ಅನ್ನುವ ಕಡೆ ಎರಡು ಸಲ ಓದಿದೆ.

ನನಗೆ ಈಗ ಷರಾಯಿ ಇದೆ, ನಿನ್ನ ಹತ್ತಿರ ಇರುವುದು ನಿನಗೇ ಇರಲಿ. ಊರಿನ ಅರ್ಧ ಜನ ಮೂಡಣ ಕಡೆಗೆ ಹೋದರು, ಸರ್ಕಾರದವರು ಅಲ್ಲಿ ಕಲ್ಲಿಲ್ಲದ ಒಳ್ಳೆಯ ನೆಲ ಕೊಡುತ್ತಿದ್ದಾರೆ. ನನಗೂ ಕೊಡುತ್ತೇವೆ ಅಂದರು. ನನಗೆ ಈ ಕಡಲಗಾಳಿಯೇ ಒಗ್ಗುತ್ತದೆ ಅಂತ ಇಲ್ಲೇ ಉಳಿದೆ. ಪೀಡಾರ್ ಮಾವನ ಮನೆಯವರೂ ಹೋದರು. ಊನಾ ಹೋಗುವಾಗ, “ಏನ್ ಕೋಲ್ಮನ್, ಈ ಕಲ್ಲುಗುಡ್ಡದಲ್ಲಿ ಏನಿದೆ ಅಂತ ಕೂತಿದ್ದೀಯ?” ಅಂದಳು. ಏನೂ ಇಲ್ಲ ಅಂದೆ.

ನಿನಗೆ ಒಂದು ಮಾತು. ಗಡಿಬಿಡಿ ಮಾಡಿಕೊಳ್ಳಬೇಡ. ಹುಡುಗಿ ಅಂತ ಈಗಲೇ ಹೇಳಲೇಬೇಕು ಅಂತೇನಿಲ್ಲ. ಆಟ ಚೆನ್ನಾಗಿ ನಡೆಯುತ್ತಿದ್ದರೆ ಆಡು. ಹೊಟ್ಟೆ ಎಷ್ಟೇ ಕೂಗಿದರೂ ಆ ರೊಟ್ಟಿ ಮಾತ್ರ ಮುಟ್ಟಬೇಡ. ಬರೆಯುವಾಗ ಉದ್ದ ಬರೆ, ನಾಲ್ಕೈದು ಹಾಳೆ ಬರೆ. ಆ ಬಯಲು ಹೇಗಿದೆ, ಚೆಂಡು ಹೇಗಿದೆ, ಆ ಕೆಂಪು ಕೂದಲಿನವನು ಏನಂದ, ಎಲ್ಲ ಬರೆ. ಚಳಿಗಾಲದಲ್ಲಿ ಒಲೆಗೆ ಜೌಗುಮಣ್ಣಿನ ಹೆಂಟೆ ಒಟ್ಟಿ ಕೂತಾಗ ಓದಲು ನನಗೆ ಬೇರೇನೂ ಇಲ್ಲ. ಹುಷಾರಾಗಿರು ಮಗೂ.

ಕೋಲ್ಮನ್


ಗುಡ್ಡದೊಳಗೆ
30 ಏಪ್ರಿಲ್ 1893, ಸಂಜೆ, ವಿರಾಮ ಇನ್ನೂ ಮುಗಿದಿಲ್ಲ

ಲೋ ಕೋಲ್ಮನ್,

ಅಬ್ಬ, ಈಗ ಜೀವ ಬಂತು. ಅಮ್ಮ ಬೈಯುತ್ತಿಲ್ಲ ಅಂದೆಯಲ್ಲ, ಅಷ್ಟು ಸಾಕು ನನಗೆ. ಅಜ್ಜಿಯೂ ಎದ್ದು ಓಡಾಡುತ್ತಿದ್ದಾಳೆ ಅಂತಾಯಿತು, ಚರ್ಚಿನವರೆಗೂ ಹೋಗಿದ್ದಾಳಲ್ಲ. ನನ್ನ ಪತ್ರ ಕೇಳಿ ಇಬ್ಬರೂ ನಕ್ಕರಾ? ಅಮ್ಮ ನಗುವಾಗ ಬಾಯಿಗೆ ಶಾಲು ಅಡ್ಡ ಹಿಡಿಯುತ್ತಾಳಲ್ಲ, ಹಾಗೆ ನಕ್ಕಳಾ? ಆದರೆ ಇವತ್ತಿನ ಭಾನುವಾರದ ಪ್ರಾರ್ಥನೆ ಬೆಳಿಗ್ಗೆಯೇ ಮುಗಿಯಿತಲ್ಲ, ಮತ್ತೆ ಯಾವಾಗ ಹೋದಿರಿ ಅಂತ ಗೊತ್ತಾಗಲಿಲ್ಲ. ಹೋಗಲಿ ಬಿಡು, ನಿನ್ನ ತಾರೀಖಿನ ತಮಾಷೆ ನನಗೆ ಅಭ್ಯಾಸವಾಗಿದೆ. ಮಗೂ ಅಂತ ಬೇರೆ ಬರೆದಿದ್ದೀಯ. ಯಾರಿಗೆ ಯಾರೋ ಮಗು? ಮೂಗು ಒರೆಸಿಕೊಳ್ಳಲು ನಿನಗೆ ಕಲಿಸಿದ್ದು ನಾನು.

ಇನ್ನೊಂದು ಷರಾಯಿ ಯಾರು ಹೊಲಿದರು? ದರ್ಜಿ ನಿನ್ನೆಯೇ ಊರು ಬಿಟ್ಟನಲ್ಲ. ಪೀಡಾರ್ ಮಾವ ನಿನ್ನೆ ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಹೋದರು, ಇವತ್ತು ಮನೆ ಖಾಲಿ ಮಾಡಿದರು ಅಂತೀಯ. ಯಾವುದು ನಿಜ ಯಾವುದು ಸುಳ್ಳು ಅಂತ ಬಂದ ಮೇಲೆ ನಿನ್ನ ಕಿವಿ ಹಿಂಡಿ ಕೇಳುತ್ತೇನೆ.

ಉದ್ದ ಬರೆ ಅಂದೆಯಲ್ಲ, ಬರೆಯುತ್ತೇನೆ. ಬಯಲು ಅಂದರೆ ನಮ್ಮ ಕಡೆ ಇರುವ ಹಾಗಲ್ಲ, ಇಡೀ ಬಯಲಿನಲ್ಲಿ ಒಂದು ಕಲ್ಲಿಲ್ಲ. ಎಡವಿ ಬೀಳುತ್ತೇನೆ ಅನ್ನುವ ಭಯವೇ ಇಲ್ಲದೆ ಓಡಬಹುದು. ಮೇಲೆ ಆಕಾಶದ ಬದಲು ಗುಡ್ಡದ ಒಳಮೈ ಇದೆ, ಅದರಲ್ಲಿ ಮರದ ಬೇರುಗಳು ಇಳಿಬಿದ್ದಿವೆ, ಬೇರಿನ ತುದಿಗಳೆಲ್ಲ ಉರಿಯುತ್ತವೆ, ಹೊಗೆಯಿಲ್ಲ. ಚೆಂಡು ಮೊಲದ ಮರಿಯಷ್ಟು ಬಿಸಿ. ಹೊಡೆದಾಗ ಕಿರುಚುವುದಿಲ್ಲ, ಹಾಡುತ್ತದೆ. ಒಂದೊಂದು ಹೊಡೆತಕ್ಕೆ ಒಂದೊಂದು ಹಾಡು. ನಾನು ಹೊಡೆದರೆ ಮಾತ್ರ ನಮ್ಮಜ್ಜಿ ಬೆಣ್ಣೆ ಕಡೆಯುವಾಗ ಗುನುಗುವ ಹಾಡು ಬರುತ್ತದೆ. ಅದು ಹೇಗೆ ಅಂತ ಕೇಳಬೇಡ, ನನಗೆ ಗೊತ್ತಿಲ್ಲ. ನಮ್ಮ ತಂಡದವರ ಹೆಸರು ಕೇಳಿದರೆ ಒಬ್ಬೊಬ್ಬರೂ ಪ್ರತಿಸಲ ಬೇರೆ ಬೇರೆ ಹೆಸರು ಹೇಳುತ್ತಾರೆ. ಗೆದ್ದರೆ ನಗುತ್ತಾರೆ, ಸೋತರೂ ನಗುತ್ತಾರೆ. ಯಾರಿಗೂ ಮನೆಗೆ ಹೋಗುವ ಅವಸರವಿಲ್ಲ. ಅದೊಂದು ನೋಡಿದರೆ ನನಗೆ ಯಾಕೋ ಒಂಥರಾ ಆಗುತ್ತದೆ.

ಕೆಂಪು ಕೂದಲಿನವನ ಹೆಸರು ಡಾರಾ. ಈಗ ನನ್ನ ಪಕ್ಕದಲ್ಲೇ ಕೂತಿದ್ದಾನೆ. ಅವನ ಪಾಲಿನ ರೊಟ್ಟಿಯನ್ನು ಅವನು ತಿಂದುಬಿಟ್ಟ. “ಮನೆಗೆ ಯಾವಾಗ ಹೋಗ್ತೀಯ?” ಅಂದೆ. “ಯಾವ ಮನೆಗೆ?” ಅಂದ. ತಮಾಷೆಗೆ ಅಂದನೋ ನಿಜಕ್ಕೋ ತಿಳಿಯಲಿಲ್ಲ. ನನ್ನ ರೊಟ್ಟಿಯನ್ನು ಕುದುರೆಗೆ ಹಾಕಿದೆ.

ನಿನಗೆ ಒಂದು ನಿಜ ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳಬೇಡ. ಬರಲಿಕ್ಕಾಗುವುದಿಲ್ಲವೋ, ಇಷ್ಟವಿಲ್ಲವೋ ಅಂತ ಕೇಳಿದ್ದೆಯಲ್ಲ. ನನಗೆ ಮನೆಗೆ ಬರಲು ಇಷ್ಟ. ಆದರೆ ಇಲ್ಲಿ ಯಾರೂ ಹುಡುಗಿ ಅಂತ ನನ್ನ ಕೈಯಿಂದ ಕೋಲು ಕಿತ್ತುಕೊಳ್ಳುವುದಿಲ್ಲ. ಊರಿನ ಬಯಲಿನಲ್ಲಿ ನೀವೆಲ್ಲ ಆಡುವಾಗ ನಾನು ಗೋಡೆ ಮೇಲೆ ಕೂತು ಚೆಂಡು ಹೆಕ್ಕಿ ಕೊಡುತ್ತಿದ್ದೆ. ಏಳು ವರ್ಷ ಹೆಕ್ಕಿದ್ದೇನೆ. ಇಲ್ಲಿ ಒಂದು ಸಂಜೆ ಆಡಿದ್ದೇನೆ. ಒಂದೇ ಒಂದು ಸಂಜೆ ತಾನೇ ಕೋಲ್ಮನ್, ಅದರಿಂದ ಯಾರಿಗೆ ಏನು ನಷ್ಟ? ಆಡು ಅಂತ ನೀನೇ ಬರೆದೆ. ಅದನ್ನು ಓದಿ ನನಗೆ ಅಳು ಬಂತು, ನೀನು ಇಷ್ಟು ಒಳ್ಳೆಯವನು ಅಂತ ನನಗೆ ಗೊತ್ತಿರಲಿಲ್ಲ.

ಬೂಟಿನ ಮುದುಕ ಈಗ ಒಂದು ಬೂಟು ತೆಗೆದು ನನ್ನ ಬೆನ್ನಿಗೆ ಎಸೆದ. “ಸಾಕು ಕಣೋ, ಎಷ್ಟು ಬರೀತೀಯ, ಯಾರದೋ ಹೊಟ್ಟೆ ಮೇಲೆ ಹೊಡೀತಿದ್ದೀಯ” ಅಂತ ಬೈಯುತ್ತಿದ್ದಾನೆ. ನಾನು ಬರೆದರೆ ಯಾರ ಹೊಟ್ಟೆಗೆ ಏಟು? ಇವನಿಗೆ ಅರಳುಮರಳು. ಇನ್ನೊಂದು ಹಾಳೆ ಇದೆ, ಅದನ್ನೂ ತುಂಬಿಸಿಬಿಡುತ್ತೇನೆ. ದೊರೆಯ ಕುದುರೆಗಳ ಬಗ್ಗೆ ಬರೆಯದೆ ಬಿಟ್ಟರೆ ನೀನು ಮುನಿಸಿಕೊಳ್ಳುತ್ತೀಯ. ಒಟ್ಟು ಹನ್ನೆರಡು, ಎಲ್ಲ ಬೂದಿ ಬಣ್ಣ, ಒಂದಕ್ಕೂ ಲಾಳವಿಲ್ಲ, ಕಬ್ಬಿಣ ಕಂಡರೆ ಇವರಿಗೆ ಆಗುವುದಿಲ್ಲವಲ್ಲ. ಒಂದು ಮರಿಗೆ ನಿನ್ನ ಹೆಸರಿಟ್ಟಿದ್ದೇನೆ. ಅದೂ ನಿನ್ನ ಹಾಗೆಯೇ, ಸಿಟ್ಟು ಬಂದರೆ ಮೂಲೆಗೆ ಹೋಗಿ ನಿಲ್ಲುತ್ತದೆ.

ಆಟ ಮುಗಿದ ಕೂಡಲೇ ಬರುತ್ತೇನೆ. ಉಪ್ಪು ಹಾಕಿದ ಆಲೂಗಡ್ಡೆ ಬೇಯಿಸಿಡು, ಹೊಟ್ಟೆ ಬೆನ್ನಿಗೆ ಹತ್ತಿದೆ.

ನಿನ್ನ ಅಕ್ಕ,
ಸೊರಖಾ


ಡರಿಗೋಲಾ
14 ಅಕ್ಟೋಬರ್ 1951

ಸೊರಖಾ,

ಐದು ಹಾಳೆಯ ಪತ್ರ ಬಂತು. ನಲವತ್ತೈದು ವರ್ಷದ ಮೇಲೆ ಬಂತು. ಇನ್ನು ಬೂಟು ಬರುವುದಿಲ್ಲ ಅಂತಲೇ ತಿಳಿದಿದ್ದೆ. ಆದರೂ ಕಾಲು ತಾನಾಗಿ ದಿನಾ ಆ ಕಡೆ ನಡೆಯುತ್ತಿತ್ತು. ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕೂತು, ಎಲ್ಲವನ್ನೂ ಓದಿದೆ. ಕುದುರೆಮರಿಗೆ ನನ್ನ ಹೆಸರಿಟ್ಟದ್ದು ಓದಿ ನಕ್ಕೆ. ಒಂದು ಸಂಜೆಯಿಂದ ಯಾರಿಗೆ ಏನು ನಷ್ಟ ಅಂತ ಕೇಳಿದ್ದೀಯ. ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದೆ.

ಇನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ನಾನೇ ಕೆಡಿಸಿದೆ. ನಾನು ಬರೆದ ತಾರೀಖುಗಳೆಲ್ಲ ನಿಜ, ಒಂದೂ ತಮಾಷೆಯಲ್ಲ. ಅಜ್ಜಿ 1898ರಲ್ಲಿ ತೀರಿಕೊಂಡಳು. ಅಮ್ಮ 1903ರಲ್ಲಿ. ಚರ್ಚಿನ ಹಿತ್ತಲಿನಲ್ಲಿ ನಾನು ಪತ್ರ ಓದಿ ಹೇಳಿದ್ದು ಅವರ ಗೋರಿಗಳಿಗೆ. ಅಮ್ಮ ಕೊನೆಯ ದಿನವೂ, “ಬಾಗ್ಲು ಹಾಕಬ್ಯಾಡ ಕೋಲ್ಮನ್, ಅವಳು ಬಂದ್ರೆ ಹೊರಗೆ ನಿಲ್ತಾಳೆ” ಅಂದಳು. ಮೂಡಣದ ನೆಲ ಬೇಡ ಅಂದದ್ದು ಕಡಲಗಾಳಿಗಾಗಿ ಅಲ್ಲ. ಬೇರೆ ಊರಿಗೆ ಹೋದರೆ ನಿನಗೆ ಮನೆ ಗೊತ್ತಾಗುವುದಿಲ್ಲ, ಅದಕ್ಕೆ. ಊನಾ ನನ್ನನ್ನು ಮೂರು ಸಲ ಕೇಳಿದಳು. ಮೂರನೆಯ ಸಲ ಅತ್ತಳು. ಗುಡ್ಡದೊಳಗೆ ನನ್ನ ಅಕ್ಕ ಇದ್ದಾಳೆ ಅಂತ ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಲಂಗ ತೊಟ್ಟಾಗ ನಗದವಳು ಅದಕ್ಕೆ ನಕ್ಕುಬಿಟ್ಟರೆ ಅಂತ ಹೆದರಿದೆ.

ನಿಧಾನವಾಗಿ ಬಾ ಅಂತ ಬರೆದದ್ದು ಒಳ್ಳೆಯತನದಿಂದಲ್ಲ, ಅದೂ ಹೆದರಿಕೆಯಿಂದಲೇ. ಅಜ್ಜಿ ಹೇಳಿದ ಆ ಕಥೆಯ ಮನುಷ್ಯ ಗುಡ್ಡದಿಂದ ಹೊರಗೆ ಕಾಲಿಟ್ಟ ಕೂಡಲೇ ಒಂದು ಹಿಡಿ ಬೂದಿಯಾದನಂತೆ. ಆದರೆ ಅವನು ಅಲ್ಲಿ ಉಂಡಿದ್ದ, ಕುಡಿದಿದ್ದ. ಉಣ್ಣದವರಿಗೆ ಹಾಗಾಗುವುದಿಲ್ಲ ಅಂತಲೂ ಅಜ್ಜಿ ಅಂದಿದ್ದಳು, ಆದರೆ ಅವಳಿಗೂ ಅದು ಗಟ್ಟಿಯಾಗಿ ಗೊತ್ತಿರಲಿಲ್ಲ. ನಿನ್ನನ್ನು ಬೂದಿ ಮಾಡಿಕೊಳ್ಳುವುದಕ್ಕಿಂತ ಪತ್ರದಲ್ಲಾದರೂ ಉಳಿಸಿಕೊಳ್ಳೋಣ ಅನ್ನಿಸಿತು. ಒಳಗೆ ನೀನು ಹನ್ನೊಂದರ ಹುಡುಗಿ, ಗೋಲು ಹೊಡೆಯುತ್ತಿದ್ದೀಯ. ಹೊರಗೆ ಏನಿದೆ ನಿನಗೆ? ಹೀಗೆ ಯೋಚಿಸಿ ಯೋಚಿಸಿ ಒಂದು ಜೀವಮಾನ ಕಳೆದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ತಿಳಿಯದು.

ನನಗೆ ಈಗ ಅರವತ್ತೇಳು. ಎದೆ ಸರಿಯಿಲ್ಲ. ಗುಡ್ಡ ಹತ್ತುವುದು ಇದೇ ಕೊನೆ, ನಾಲ್ಕು ಕಡೆ ಕೂತು ಹತ್ತಬೇಕು. ಈ ಚಳಿಗಾಲ ದಾಟುವುದು ಅನುಮಾನ ಅಂತ ಡಾಕ್ಟರು ಹೇಳಿದರು. ಬಾ ಅನ್ನಲೋ, ಬರಬೇಡ ಅನ್ನಲೋ ಗೊತ್ತಾಗುತ್ತಿಲ್ಲ. ನನ್ನ ಆಸೆ ಏನು ಅಂತ ಕೇಳಿದರೆ ಮಾತ್ರ ಹೇಳುತ್ತೇನೆ. ಒಂದು ಸಲ ನಿನ್ನನ್ನು ನೋಡಬೇಕು.

ಕೋಲ್ಮನ್


ಗುಡ್ಡದೊಳಗೆ

ಕೋಲ್ಮನ್, ಬರೆಯುವುದೇ ತಪ್ಪಾಗಿತ್ತು. ಓಡುವಾಗ ಒಳಗೂ ಹೊರಗೂ ಹೊತ್ತು ಒಂದೇ. ಕೂತು ಬರೆದರೆ ಹೊರಗೆ ವರ್ಷಗಳು ಹೋಗುತ್ತವೆ, ಮುದುಕ ಈಗ ಬಿಡಿಸಿ ಹೇಳಿದ. ಹುಡುಗಿ ಅಂತ ಕೂಗಿ ಹೇಳಿಬಿಟ್ಟೆ. ಕೋಲು ಕಿತ್ತುಕೊಂಡರು. ಏನೂ ತಿಂದಿಲ್ಲ, ಆಣೆ. ಇದನ್ನು ನಿಂತೇ ಬರೆದೆ. ಸಾಯಬೇಡ, ಓಡಿ ಬರ್ತಿದ್ದೀನಿ


ಡರಿಗೋಲಾ, ನಮ್ಮ ಮನೆಯ ಬಾಗಿಲಿಗೆ
2 ಮಾರ್ಚ್ 1952

ಅಕ್ಕ,

ಚಳಿಗಾಲ ದಾಟಿದೆ. ನೀನು ನಿಂತು ಬರೆದ ಚೀಟಿ ಇವತ್ತು ಬೆಳಿಗ್ಗೆ ಸಿಕ್ಕಿತು, ಪಕ್ಕದ ಮನೆಯಾಕೆ ಕುರಿ ಹುಡುಕಲು ಗುಡ್ಡಕ್ಕೆ ಹೋದವಳು ತಂದುಕೊಟ್ಟಳು. ಇದನ್ನು ಬಾಗಿಲಿಗೆ ಸಿಕ್ಕಿಸುತ್ತಿರುವುದೂ ಆಕೆಯೇ. ನನಗೆ ಏಳಲು ಆಗುವುದಿಲ್ಲ. ಊರು ನೋಡಿ ಗಾಬರಿಯಾಗಬೇಡ, ಮನೆ ಇದೇ.

ಒಳಗೆ ಒಲೆಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಮಲಗಿರುತ್ತಾನೆ. ಕೂದಲು ಇಲ್ಲ, ಹಲ್ಲು ಇಲ್ಲ, ನಿನಗೆ ಗುರುತು ಹತ್ತುವುದಿಲ್ಲ. ಯಾರದೋ ಮನೆ ಅಂತ ತಿರುಗಿ ಹೋಗಬೇಡ. ಮಲಗಿದ್ದರೆ ಎಬ್ಬಿಸು, ಎಷ್ಟು ಹೊತ್ತಾದರೂ ಪರವಾಗಿಲ್ಲ. “ಲೋ ಕೋಲ್ಮನ್” ಅಂತ ಕರಿ. ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಇಲ್ಲ.